ಕೆಮ್ಮೇ ಇಲ್ಲ ಅಂದ್ರೂ ಪ್ರತಿ ಸಲ ಯಾಕೆ ಕೇಳ್ತಾರೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಎಚ್‌ಐವಿ ಮಾತ್ರೆ ತಪ್ಪದೆ ತಗೊಳ್ತೀನಿ, ಆರಾಮಾಗಿದ್ದೀನಿ. ಆದರೂ ಎಆರ್‌ಟಿ ಸೆಂಟರ್‌ಗೆ ಹೋದಾಗಲೆಲ್ಲ ಕೆಮ್ಮಿದೆಯಾ, ಜ್ವರ ಇದೆಯಾ ಅಂತ ಕೇಳ್ತಾರೆ. ಶುರುವಿನಲ್ಲಿ ಕಾಮಾಲೆ ಟೆಸ್ಟೂ ಮಾಡಿಸಿದ್ರು. ಇದೆಲ್ಲ ಬೇಕಾ ಸಾರ್?

ಉತ್ತರ: ಬೇಕು. ಅದರಲ್ಲೂ ಆ ಕೆಮ್ಮಿನ ಪ್ರಶ್ನೆ ಬೇಕೇ ಬೇಕು. ಎಚ್‌ಐವಿ ಇರುವವರ ಜೀವ ತೆಗೆಯುವ ಕಾಯಿಲೆಗಳಲ್ಲಿ ಇವತ್ತಿಗೂ ಟಿಬಿಯೇ ಮುಂದೆ. ಅದಕ್ಕೇ ಪ್ರತಿ ಸಲ ನಾಲ್ಕು ವಿಷಯ ಕೇಳುತ್ತಾರೆ: ಕೆಮ್ಮು, ಜ್ವರ, ತೂಕ ಇಳಿದದ್ದು, ರಾತ್ರಿ ಬೆವರುವುದು. ಬೇರೆಯವರಿಗಾದರೆ ಎರಡು ವಾರ ದಾಟಿದ ಕೆಮ್ಮು ಲೆಕ್ಕ. ನಿಮಗೆ ಎರಡೇ ದಿನದ ಕೆಮ್ಮೂ ಲೆಕ್ಕಕ್ಕೆ ಬರುತ್ತದೆ. ರೋಗ ತಡೆಯುವ ಶಕ್ತಿ ಕುಗ್ಗಿದ್ದಾಗ ಟಿಬಿ ಜಾಸ್ತಿ ಕೆಮ್ಮಿಸದೆಯೂ ಬೆಳೆಯಬಹುದು, ಕಫದಲ್ಲಿ ಸಿಗದೆಯೂ ಇರಬಹುದು.

ನಮ್ಮ ಮಲೆನಾಡಿನಲ್ಲಿ ತೊಡಕಾಗುವುದು ಇಲ್ಲೇ. "ಮಳೆಗಾಲ ಅಲ್ವಾ, ಥಂಡಿ" ಅಂತ ಕಷಾಯ ಕುಡಿದು ಸುಮ್ಮನಾಗುತ್ತೇವೆ. ತೂಕ ಇಳಿದರೆ ಅಡಿಕೆ ಕೊಯ್ಲಿನ ಓಡಾಟ ಅನ್ನುತ್ತೇವೆ. ಬೆಳಿಗ್ಗೆ ದಿಂಬು ಒದ್ದೆಯಾಗಿದ್ದರೆ ಯಾರಿಗೂ ಹೇಳುವುದೇ ಇಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಸೆಂಟರ್‌ನಲ್ಲಿ ನಾಲ್ಕಕ್ಕೂ "ಇಲ್ಲ" ಅಂದು ಹೊರಡುತ್ತೇವೆ. ದಯವಿಟ್ಟು ಹೀಗೆ ಮಾಡಬೇಡಿ. ನಾಲ್ಕೂ ಇಲ್ಲ ಅಂದವರಿಗೆ ಟಿಬಿ ಬರದಂತೆ ತಡೆಯಲು ಐಸೋನಿಯಾಜಿಡ್ ಮಾತ್ರೆ ಕೊಡುವ ಪದ್ಧತಿ ಇದೆ. ಒಳಗೆ ಆಗಲೇ ಟಿಬಿ ಇದ್ದರೆ ಆ ಒಂದು ಔಷಧಿ ಸಾಲದು. ಕ್ರಿಮಿ ಅದಕ್ಕೆ ಬಗ್ಗದ ಹಾಗಾಗಿಬಿಡಬಹುದು. ಟಿಬಿ ಇದೆಯೆಂದು ಗೊತ್ತಾದರೆ ಎಚ್‌ಐವಿ ಔಷಧಿಯ ಲೆಕ್ಕವೂ ಬದಲಾಗುತ್ತದೆ. ಟಿಬಿ ಔಷಧಿಯಾದ ರಿಫಾಂಪಿಸಿನ್ ನಡೆಯುವಾಗ ಎಚ್‌ಐವಿ ಔಷಧಿಯಾದ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ.

ಕಾಮಾಲೆ ಟೆಸ್ಟ್ ಅಂದಿರಲ್ಲ, ಅದು ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಮತ್ತು ಸಿ ಸೋಂಕು ಹುಡುಕುವುದಕ್ಕೆ. ಈಗ ಹೆಚ್ಚಿನವರು ನುಂಗುವ, ಮೂರು ಎಚ್‌ಐವಿ ಔಷಧಿ ಸೇರಿದ ಟಿಎಲ್‌ಡಿ ಮಾತ್ರೆಯಲ್ಲಿರುವ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಹೆಪಟೈಟಿಸ್ ಬಿಯನ್ನೂ ಹತೋಟಿಯಲ್ಲಿಡುತ್ತವೆ. ಬಿ ಇರುವವರು ನಾಟಿ ಔಷಧಿಯ ಪಥ್ಯ ಅಂತ ಈ ಮಾತ್ರೆ ಬಿಟ್ಟರೆ ಲಿವರ್ ಇದ್ದಕ್ಕಿದ್ದಂತೆ ಕೆಡಬಹುದು. ಬಿ ಇಲ್ಲದವರಿಗೆ ಲಸಿಕೆ ಇದೆ, ಕೇಳಿ ನೋಡಿ.

ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಕಾಯಿಲೆ ಇದೆಯೇ ಎಂದು ನೋಡಲೂ ರಕ್ತ ಪರೀಕ್ಷೆ ಇದೆ. ಸಿಕ್ಕರೆ ಪೆನಿಸಿಲಿನ್ ಇಂಜೆಕ್ಷನ್‌ನಿಂದ ವಾಸಿಯಾಗುತ್ತದೆ. ಹೆಂಗಸರು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನೂ ಮಾಡಿಸಿಕೊಳ್ಳಬೇಕು. ಎಚ್‌ಐವಿ ಇದ್ದವರಲ್ಲಿ ಅದರ ಅಪಾಯ ಜಾಸ್ತಿ.

ಊರಲ್ಲಿ ಕಫ ಪರೀಕ್ಷೆಗೆ ಕೊಟ್ಟರೆ ಸುದ್ದಿಯಾಗುತ್ತದೆ ಅನ್ನುವ ಹೆದರಿಕೆ ಇದ್ದರೆ ಎಆರ್‌ಟಿ ಸೆಂಟರ್‌ನ ಆಪ್ತಸಮಾಲೋಚಕರಿಗೆ ಹೇಳಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಅವರು ವಿಷಯ ಹೊರಗೆ ಬಿಡುವಂತಿಲ್ಲ. ಫೋನಿನಲ್ಲೇ ಕೇಳಬೇಕು ಅಂದರೆ 1097ಕ್ಕೆ ಮಾಡಿ. ಅದಕ್ಕೆ ದುಡ್ಡಿಲ್ಲ.