ನ್ಯೂಟನ್ ಬಿಡಿಸಿದ ಕಾಮನಬಿಲ್ಲು, ಥಾಮ್ಸನ್ ಹಾಡಿದ ಕಾಮನಬಿಲ್ಲು

ಇನ್ನೆಂದೂ ಜಲಪ್ರಳಯದಿಂದ ಭೂಮಿಯನ್ನು ಅಳಿಸುವುದಿಲ್ಲವೆಂದು ದೇವರು ನೋಹನಿಗೆ ಮಾತು ಕೊಟ್ಟ. ಆ ಮಾತಿನ ಗುರುತು ಕಾಮನಬಿಲ್ಲು. ಬೈಬಲ್ ಹೇಳುವುದು ಹೀಗೆ. ಅದರ ಬಣ್ಣಗಳನ್ನು ಗಾಜಿನ ಪಟ್ಟಕದಿಂದ (ಪ್ರಿಸಂ) ಗೋಡೆಗೆ ಬೀಳಿಸಿದ ನ್ಯೂಟನ್ನನ ಮೇಲೆ 18ನೇ ಶತಮಾನದ ಇಂಗ್ಲಿಷ್ ಕವಿಗಳು ಮುನಿಸಿಕೊಂಡಿರಬೇಕು ಎಂದುಕೊಳ್ಳುವವರೇ ಹೆಚ್ಚು. ಆದರೆ ಅವರಲ್ಲಿ ಬಹಳ ಮಂದಿ ಅವನನ್ನು ಹಾಡಿ ಹೊಗಳಿದರು.

ನ್ಯೂಟನ್ 1672ರ ಪತ್ರದಲ್ಲಿ ವಿವರಿಸಿದ ಪ್ರಯೋಗ ಸರಳ. ಕತ್ತಲೆ ಕೋಣೆ, ಕಿಟಕಿಯ ಕದದಲ್ಲಿ ಕಾಲಿಂಚಿನ ತೂತು, ಅದರ ಬಳಿ ಪಟ್ಟಕ, 22 ಅಡಿ ಆಚೆ ಗೋಡೆ. ದುಂಡಗೆ ಬೀಳಬೇಕಿದ್ದ ಬೆಳಕು 13¼ ಇಂಚು ಉದ್ದ, 2⅝ ಇಂಚು ಅಗಲದ ಬಣ್ಣದ ಪಟ್ಟಿಯಾಗಿ ಬಿತ್ತು. ಅದರಲ್ಲಿ ಒಂದೇ ಬಣ್ಣವನ್ನು ಆರಿಸಿ ಎರಡನೇ ಪಟ್ಟಕದಲ್ಲಿ ಹಾಯಿಸಿದರೆ ಅದು ಮತ್ತೆ ಒಡೆಯಲಿಲ್ಲ. ಫ್ರಾನ್ಸಿನ ವಿಜ್ಞಾನಿ ಮಾರಿಯೋಟ್‌ಗೆ ಮಾತ್ರ ಎರಡನೇ ಪಟ್ಟಕದಲ್ಲೂ ಬೇರೆ ಬಣ್ಣಗಳು ಕಂಡವು. ಹೀಗಾಗುವುದುಂಟು: ತೂತು ದೊಡ್ಡದಾದರೆ, ಗೋಡೆ ಹತ್ತಿರವಾದರೆ ಬಣ್ಣಗಳು ಒಂದರ ಮೇಲೊಂದು ಬೀಳುತ್ತವೆ. ಆರಿಸಿದ ಕೆಂಪಿನಲ್ಲಿ ಕಿತ್ತಳೆಯೂ ಉಳಿದಿರುತ್ತದೆ.

ನ್ಯೂಟನ್ನನ ವಿಜ್ಞಾನವನ್ನು ಚರ್ಚಿನೊಳಕ್ಕೆ ಒಯ್ದವರು ಪಾದ್ರಿಗಳೇ. 1691ರಲ್ಲಿ ತೀರಿಕೊಂಡ ವಿಜ್ಞಾನಿ ರಾಬರ್ಟ್ ಬಾಯ್ಲ್, ನಾಸ್ತಿಕರಿಗೆ ಉತ್ತರ ಕೊಡುವ ಉಪನ್ಯಾಸಗಳಿಗೆಂದು ವರ್ಷಕ್ಕೆ 50 ಪೌಂಡ್ ಬರೆದಿಟ್ಟಿದ್ದ. ಮರುವರ್ಷ ಮೊದಲ ಸರಣಿ ಕೊಟ್ಟ ಪಾದ್ರಿ ರಿಚರ್ಡ್ ಬೆಂಟ್ಲಿ, ಅವನ್ನು ಅಚ್ಚಿಗೆ ಸಿದ್ಧಪಡಿಸುವಾಗ ಗುರುತ್ವದ ಬಗ್ಗೆ ನ್ಯೂಟನ್ನನನ್ನೇ ಪತ್ರ ಬರೆದು ಕೇಳಿದ.

ಕವಿ ಜೇಮ್ಸ್ ಥಾಮ್ಸನ್ ಬೆಳೆದದ್ದು ಇದೇ ಗಾಳಿಯಲ್ಲಿ. ಸ್ಕಾಟ್ಲೆಂಡಿನ ಪಾದ್ರಿಯ ಮಗ, ಎಡಿನ್‌ಬರೋದಲ್ಲಿ ದೇವಶಾಸ್ತ್ರ ಓದಿದವನು. 1727ರಲ್ಲಿ ನ್ಯೂಟನ್ ತೀರಿಕೊಂಡಾಗ ಅವನು ಬರೆದ ಕವಿತೆಯಲ್ಲಿ ಕೆಂಪಿನಿಂದ ನೇರಳೆಯವರೆಗೆ ಏಳೂ ಬಣ್ಣಗಳು ಪಟ್ಟಕ ಬೀಳಿಸುವ ಬಣ್ಣದ ಪಟ್ಟಿಯ ಕ್ರಮದಲ್ಲೇ ಬರುತ್ತವೆ. ಮರುವರ್ಷದ ವಸಂತದ ಕವಿತೆಯಲ್ಲಂತೂ ಹಳ್ಳಿಯ ಹುಡುಗನೊಬ್ಬ ಬಿಲ್ಲನ್ನು ಹಿಡಿಯಲು ಓಡುತ್ತಾನೆ, ಅದು ದೂರ ಸರಿಯುತ್ತಲೇ ಹೋಗುತ್ತದೆ. ಭೌತಶಾಸ್ತ್ರದ ಪ್ರಕಾರವೂ ಇದು ಸರಿಯೇ. ಸೂರ್ಯನಿಗೆ ಬೆನ್ನು ಮಾಡಿ ನಿಂತಾಗ, ನಮ್ಮ ತಲೆಯ ನೆರಳಿನ ದಿಕ್ಕಿನಿಂದ ಸುಮಾರು 42 ಡಿಗ್ರಿ ಕೋನದಲ್ಲಿರುವ ಹನಿಗಳು ಕೆಂಪನ್ನೂ 40ರಲ್ಲಿರುವವು ನೇರಳೆಯನ್ನೂ ನಮ್ಮ ಕಣ್ಣಿಗೆ ಕಳಿಸುತ್ತವೆ. ನಾವು ಸರಿದರೆ ಹನಿಗಳೇ ಬದಲಾಗುತ್ತವೆ; ಹಾಗಾಗಿ ಒಬ್ಬೊಬ್ಬರ ಬಿಲ್ಲೂ ಬೇರೆ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಯಲಲ್ಲಿ ನಿಂತವರಿಗೆ ಆಕಾಶದಲ್ಲಿ ಬಿಲ್ಲೇ ಕಾಣದು. ಕಾರಣ ತಿಳಿದ ಮೇಲೆ ಥಾಮ್ಸನ್ನನ ಬೆರಗು ಹೆಚ್ಚಿತು; ಅವನನ್ನು ಓದುವಾಗ ನನಗೆ ತುಂಬ ಇಷ್ಟವಾಗುವುದು ಇದೇ.

ಎಲ್ಲರೂ ಒಪ್ಪಲಿಲ್ಲ. ಕವಿಯೂ ಚಿತ್ರಕಾರನೂ ಆದ ವಿಲಿಯಂ ಬ್ಲೇಕ್ 1795ರ ಚಿತ್ರದಲ್ಲಿ ನ್ಯೂಟನ್ನನನ್ನು ಬಂಡೆಯ ಮೇಲೆ ಕೂರಿಸಿದ. ಬೆನ್ನು ಬಾಗಿಸಿ ಕೈವಾರ ಹಿಡಿದ ಅವನ ಕಣ್ಣಿಗೆ ತಾನು ಎಳೆಯುತ್ತಿರುವ ಗೆರೆ ಬಿಟ್ಟು ಬೇರೇನೂ ಕಾಣದು. ಆದರೆ ಬ್ಲೇಕ್ ನಾಸ್ತಿಕನಲ್ಲ, ದೇವದೂತರನ್ನು ಕಂಡೆ ಎನ್ನುತ್ತಿದ್ದ ಭಕ್ತ. ಲೆಕ್ಕಕ್ಕೆ ಸಿಗುವ ದೇವರು ಅವನಿಗೆ ಬೇಕಿರಲಿಲ್ಲ.