ಎರಡು ಸಿಲಿಂಡರ್ ದೂರದ ಆಸ್ಪತ್ರೆ: ಉತ್ತರ ಕನ್ನಡದ ತುರ್ತು ಚಿಕಿತ್ಸೆಯ ಹಿನ್ನೆಲೆ

ಕುಮಟೆಯಲ್ಲೋ ಅಂಕೋಲೆಯಲ್ಲೋ ಮಧ್ಯರಾತ್ರಿ ಒಬ್ಬರಿಗೆ ಎದೆನೋವು ಬಂತೆಂದರೆ ಮನೆಯವರ ಬಾಯಿಂದ ಬರುವ ಮೊದಲ ಮಾತು, 'ಮಣಿಪಾಲಕ್ಕೆ ಒಯ್ಯೋದಾ, ಹುಬ್ಬಳ್ಳಿಗಾ?' ಭಟ್ಕಳ, ಹೊನ್ನಾವರದ ಗಾಡಿಗಳು ದಕ್ಷಿಣಕ್ಕೆ ಓಡುತ್ತವೆ. ಶಿರಸಿ, ಯಲ್ಲಾಪುರ, ಮುಂಡಗೋಡ, ಹಳಿಯಾಳದವರ ದಾರಿ ಹುಬ್ಬಳ್ಳಿ. ಸಿದ್ದಾಪುರದವರು ಕೆಲವೊಮ್ಮೆ ಶಿವಮೊಗ್ಗ ಹಿಡಿಯುತ್ತಾರೆ. ಕಾರವಾರದವರಿಗೆ ಕಾಳಿ ಸೇತುವೆ ದಾಟಿದರೆ ಗೋವಾ. ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಹರವಿನ, 2011ರ ಜನಗಣತಿಯಲ್ಲಿ 14.37 ಲಕ್ಷ ಜನರಿದ್ದ ಜಿಲ್ಲೆ ಜೀವ ಉಳಿಸಿಕೊಳ್ಳಲು ನಾಲ್ಕು ದಿಕ್ಕಿಗೆ ಹೊರಡುತ್ತದೆ. ಈ ಅಭ್ಯಾಸ ನಿನ್ನೆ ಮೊನ್ನೆಯದಲ್ಲ.

1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. 1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾಗಿ ಮೈಸೂರು ರಾಜ್ಯಕ್ಕೆ ಬಂದೆವು. ಅದೇ ಕಾಲಕ್ಕೆ ಸುತ್ತಲೂ ವೈದ್ಯಕೀಯ ಕಾಲೇಜುಗಳು ಎದ್ದವು: ಮಣಿಪಾಲದಲ್ಲಿ 1953ಕ್ಕೆ, ಹುಬ್ಬಳ್ಳಿಯಲ್ಲಿ 1957ಕ್ಕೆ. ಗೋವಾದಲ್ಲಿ ಪೋರ್ಚುಗೀಸರ ಕಾಲದ ವೈದ್ಯಶಾಲೆ 1842ರಿಂದಲೇ ಇತ್ತು. ಉತ್ತರ ಕನ್ನಡದ ಒಳಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ, ಕಾರವಾರದ ಜಿಲ್ಲಾಸ್ಪತ್ರೆಗೆ ಹೊಂದಿಕೊಂಡು. ನಡುವೆ ಅರುವತ್ತು ವರ್ಷ. ತಜ್ಞ ವೈದ್ಯರು ಒಬ್ಬೊಬ್ಬರೇ ಒಂದೂರಿಗೆ ಬಂದು ನೆಲೆಸುವುದಿಲ್ಲ. ಮೆದುಳಿನ ಶಸ್ತ್ರಚಿಕಿತ್ಸಕರಿಗೆ ಅರಿವಳಿಕೆ ತಜ್ಞರು, ರಾತ್ರಿಯೂ ನಡೆಯುವ ಸಿಟಿ ಸ್ಕ್ಯಾನ್, ರಕ್ತನಿಧಿ, ತೀವ್ರ ನಿಗಾ ಘಟಕದ ನರ್ಸುಗಳು ಬೇಕೇಬೇಕು. ಇವೆಲ್ಲ ಒಟ್ಟಿಗೆ ಕೂಡುವುದು ಕಾಲೇಜಿನ ಸುತ್ತ. ಆ ಅರುವತ್ತು ವರ್ಷಗಳಲ್ಲಿ ಪಕ್ಕದ ಊರುಗಳಲ್ಲಿ ಕೂಡಿದ್ದು ನಮ್ಮಲ್ಲಿ ಕೂಡಲಿಲ್ಲ.

ಕಾರವಾರದವರಿಗೆ ಗೋವಾದ ಬಾಂಬೋಳಿ ಆಸ್ಪತ್ರೆ ಬಹುಕಾಲ ತಮ್ಮದೇ ಎನ್ನುವಷ್ಟು ಹತ್ತಿರವಿತ್ತು. ದೂರ ನೂರು ಕಿಲೋಮೀಟರಿನ ಆಸುಪಾಸು, ಚಿಕಿತ್ಸೆ ಉಚಿತ. 2018ರ ಜನವರಿ 1ರಿಂದ ಗೋವಾ ಸರ್ಕಾರ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕಿತು. ತನ್ನ ಜನರ ತೆರಿಗೆಯಿಂದ ನಡೆಯುವ ಆಸ್ಪತ್ರೆಯ ಬಗ್ಗೆ ಆ ಸರ್ಕಾರ ಹಾಗೆ ತೀರ್ಮಾನಿಸಿದ್ದನ್ನು ತಪ್ಪೆನ್ನಲಾಗದು. 2020ರ ಲಾಕ್‌ಡೌನಿನಲ್ಲಿ ರಾಜ್ಯದ ಗಡಿಯೇ ಮುಚ್ಚಿದಾಗ, ಬೇರೆಯವರ ಆಸ್ಪತ್ರೆಯನ್ನು ನಂಬಿ ಕೂತ ಜಿಲ್ಲೆಯ ಪಾಡೇನೆಂಬುದು ಎಲ್ಲರಿಗೂ ಕಂಡಿತು.

ಇದಕ್ಕೂ ಮೊದಲು, 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆರಂಭವಾಗಿತ್ತು. ಬಾಡಿಗೆ ಜೀಪು ಹುಡುಕುತ್ತಿದ್ದ ಹಳ್ಳಿಗಳಿಗೆ ಅದು ದೊಡ್ಡ ಆಸರೆ. ಆದರೆ 108ರ ಮುಖ್ಯ ಕೆಲಸ ಹತ್ತಿರದ ಆಸ್ಪತ್ರೆ ಮುಟ್ಟಿಸುವುದು. ಅಲ್ಲಿಂದ 'ಮೇಲಿನ ಆಸ್ಪತ್ರೆ'ಗೆ ಬರೆದುಕೊಟ್ಟ ಮೇಲಿನ ಮೂರು ನಾಲ್ಕು ತಾಸಿನ ಪಯಣವೇ ಉತ್ತರ ಕನ್ನಡದ ನಿಜವಾದ ಸಂಕಟ.

2019ರಲ್ಲಿ ಜಿಲ್ಲೆಯ ಯುವಕರು ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣಗಳಲ್ಲಿ ದನಿ ಎತ್ತಿದರು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಮಳೆಯಲ್ಲಿ ಜಾರಿ ತಿರುಗಿ ಬಿದ್ದ ಆ ಗಾಡಿಯ ದೃಶ್ಯವನ್ನು ದೇಶವೆಲ್ಲ ನೋಡಿತು. 'ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ' ಎಂಬ ಕೂಗು ಆಮೇಲೆ ಬಲವಾಯಿತು. ಆದರೆ ಚರ್ಚೆ ಬರಬರುತ್ತಾ 'ಸೂಪರ್ ಸ್ಪೆಷಾಲಿಟಿ' ಎಂಬ ಕಟ್ಟಡದ ಸುತ್ತ ತಿರುಗತೊಡಗಿತು: ಕುಮಟೆಯಲ್ಲೋ ಕಾರವಾರದಲ್ಲೋ ಶಿರಸಿಯಲ್ಲೋ, ಎಷ್ಟು ಎಕರೆ, ಎಷ್ಟು ಹಾಸಿಗೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಕಟ್ಟಡ ಎಲ್ಲೇ ಎದ್ದರೂ ಜೊಯಿಡಾದವರಿಗೋ ಮುಂಡಗೋಡದವರಿಗೋ ಅದು ಎರಡು ತಾಸಿನ ದಾರಿಯೇ. ಮೊದಲ ತಾಸು ಕಳೆಯುವುದು ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ. ಅಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಹೃದಯಾಘಾತವನ್ನೇ ನೋಡಿ. ರೋಗಿ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ರಕ್ತನಾಳ ಪೂರ್ತಿ ಕಟ್ಟಿದೆ ಎಂದು ಇಸಿಜಿ ಹೇಳಿದರೆ ಎರಡೇ ದಾರಿ: 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ, ಇಲ್ಲವೇ ಅಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್. ಹೊನ್ನಾವರದಿಂದ ಮಣಿಪಾಲಕ್ಕೆ ಸುಮಾರು 120 ಕಿಲೋಮೀಟರ್. ಗಾಡಿ ಹೊಂದಿಸಿ, ಹೋಗಿ ಮುಟ್ಟಿ, ಅಲ್ಲಿ ತಂಡ ಸಜ್ಜಾಗುವ ಹೊತ್ತಿಗೆ ಆ 120 ನಿಮಿಷ ಮೀರಿರುತ್ತದೆ. ಆದ್ದರಿಂದ ಇಂಜೆಕ್ಷನ್ ಇಲ್ಲಿಯೇ ಆಗಬೇಕು. ಆಸ್ಪಿರಿನ್ 300 ಮಿಲಿಗ್ರಾಂ ಜಗಿಯಲು ಕೊಟ್ಟು, ರಕ್ತ ಮತ್ತೆ ಹೆಪ್ಪುಗಟ್ಟದಂತೆ ಕ್ಲೋಪಿಡೋಗ್ರೆಲ್ ನುಂಗಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸನ್ನು ತೂಕ ನೋಡಿ 30ರಿಂದ 50 ಮಿಲಿಗ್ರಾಂವರೆಗೆ ಒಂದೇ ಸಲಕ್ಕೆ ನರಕ್ಕೆ ಕೊಡುತ್ತಾರೆ. 75 ದಾಟಿದ ಹಿರಿಯರಿಗೆ ಅರ್ಧ ಡೋಸು. ಹಿಂದೆ ಮೆದುಳಿನಲ್ಲಿ ರಕ್ತಸ್ರಾವವಾಗಿತ್ತೇ, ಈಚೆಗೆ ಆಪರೇಷನ್ ಆಗಿದೆಯೇ, ಬಿಪಿ 180/110 ಮೀರಿದೆಯೇ ಎಂದು ಮೊದಲೇ ಕೇಳಿ ನೋಡಬೇಕು. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಹೆಣೆದದ್ದೇ ಇದಕ್ಕಾಗಿ: ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ಹೃದಯ ತಜ್ಞರು ಓದಿ ಹೇಳುತ್ತಾರೆ, ದುಬಾರಿ ಇಂಜೆಕ್ಷನ್ ಉಚಿತ. ಆದರೂ ಎಡವುವುದು ಎಲ್ಲಿ ಎಂದರೆ, 'ಗ್ಯಾಸ್ಟ್ರಿಕ್' ಎಂದು ಮನೆಯಲ್ಲೇ ಕಳೆದ ನಾಲ್ಕು ತಾಸು. ಆಮೇಲೆ ತಾಲ್ಲೂಕು ಆಸ್ಪತ್ರೆಯನ್ನು ಬಿಟ್ಟು ನೇರ ದೊಡ್ಡ ಊರಿಗೆ ಹೊರಡುವ ಹಟ. ಆ ಗಾಡಿಯಲ್ಲಿ ಹೃದಯದ ಬಡಿತ ತಪ್ಪಿದರೆ ಶಾಕ್ ಕೊಡಲು ಯಂತ್ರವಿರುವುದಿಲ್ಲ.

ಹಾವು ಕಡಿತದಲ್ಲಿ ಸಣ್ಣದೊಂದು ಗಾಜಿನ ನಳಿಗೆ ಇಡೀ ಚಿಕಿತ್ಸೆಯ ದಿಕ್ಕು ತೋರುತ್ತದೆ. ರೋಗಿಯ 2 ಮಿಲಿಲೀಟರ್ ರಕ್ತವನ್ನು ಶುಚಿಯಾದ, ಒಣಗಿದ ಗಾಜಿನ ನಳಿಗೆಗೆ ಹಾಕಿ 20 ನಿಮಿಷ ಅಲುಗಿಸದೆ ಇಡಬೇಕು. ಆಮೇಲೆ ಒಮ್ಮೆ ಓರೆ ಮಾಡಿ ನೋಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ನಳಿಗೆ ಪ್ಲಾಸ್ಟಿಕ್ಕಿನದಾದರೆ, ಇಲ್ಲವೇ ಸೋಪಿನಲ್ಲಿ ತೊಳೆದದ್ದಾದರೆ ವಿಷವಿಲ್ಲದಿದ್ದರೂ ರಕ್ತ ಹೆಪ್ಪುಗಟ್ಟದೆ ಇರಬಹುದು. ಬೇಡದ ಔಷಧ ಹೋಗುವುದು ಹೀಗೆ. ವಿಷ ಖಚಿತವಾದರೆ 10 ವೈಲ್ ಪ್ರತಿವಿಷವನ್ನು ಸಲೈನಿನಲ್ಲಿ ಬೆರೆಸಿ ಒಂದು ತಾಸಿನಲ್ಲಿ ಹರಿಸುತ್ತಾರೆ. ಪಕ್ಕದಲ್ಲೇ ಸಿರಿಂಜಿಗೆ ತುಂಬಿದ ಅಡ್ರಿನಲಿನ್ ಸಿದ್ಧವಿರಬೇಕು, ಏಕೆಂದರೆ ಪ್ರತಿವಿಷಕ್ಕೇ ಅಲರ್ಜಿಯಾಗಿ ಬಿಪಿ ಕುಸಿಯುವುದುಂಟು. 6 ತಾಸಿಗೊಮ್ಮೆ ಮತ್ತೆ ನಳಿಗೆಯ ಪರೀಕ್ಷೆ.

ಈ ಜಿಲ್ಲೆಯ ಮಟ್ಟಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಅಡಿಕೆ ತೋಟ, ಏಲಕ್ಕಿ ಹಕ್ಕಲಿನ ದರಕಿನಲ್ಲಿ, ಅಂದರೆ ಒಣ ತರಗೆಲೆಯಲ್ಲಿ, ಅಡಗುವ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ತದಡಿ, ಬೈತಖೋಲದ ಮೀನುಗಾರರ ಬಲೆಗೆ ಸಿಕ್ಕು ಕಚ್ಚುವ ಕಡಲಹಾವಿಗೂ ಇಲ್ಲ. ಅಲ್ಲಿ ಉಳಿಸುವುದು ಉಸಿರಾಟದ ಆಸರೆ, ಮೂತ್ರಪಿಂಡದ ನಿಗಾ, ಬೇಕಾದರೆ ಡಯಾಲಿಸಿಸ್. ಕಟ್ಟಹಾವು ಕಡಿದವರಿಗೆ ಬಾವು, ನೋವು ಹೆಚ್ಚಿರದು. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಅಂಥ ರೋಗಿಯನ್ನು ಗಂಟಲಿಗೆ ನಳಿಗೆ ಹಾಕದೆ ಘಟ್ಟ ಹತ್ತಿಸಿದರೆ ದಾರಿಯಲ್ಲೇ ಕಳೆದುಕೊಳ್ಳುತ್ತೇವೆ. ವೆಂಟಿಲೇಟರ್ ಇಲ್ಲದಿದ್ದರೂ ಕೈಯಿಂದ ಹಿಸುಕುವ ಆಂಬು ಬ್ಯಾಗ್ ಸಾಕು, ಹಿಸುಕಲು ಬಲ್ಲವರು ಜೊತೆಗಿದ್ದರೆ.

ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದ ಕೊನೆಗಾರರದು, ಹೆದ್ದಾರಿ 66ರ ಬೈಕ್ ಅಪಘಾತದವರದು ಮತ್ತೊಂದು ಲೆಕ್ಕ. ತಲೆಗೆ ಪೆಟ್ಟಾದವರಲ್ಲಿ ಮೇಲಿನ ಬಿಪಿ ಒಮ್ಮೆ 90ರ ಕೆಳಗಿಳಿದರೂ ಸಾವಿನ ಸಾಧ್ಯತೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೆದುಳಿನ ತಜ್ಞರು ಇಲ್ಲದ ಆಸ್ಪತ್ರೆಯೂ ಅದನ್ನು ತಡೆಯಬಲ್ಲದು: ರಕ್ತ ಸೋರುವಲ್ಲಿ ಒತ್ತಿ ಕಟ್ಟುವುದು, ಮೂರು ತಾಸಿನೊಳಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಕುತ್ತಿಗೆಗೆ ಕಾಲರ್, ಪ್ರಜ್ಞೆ ಕುಸಿದಿದ್ದರೆ ಹೊರಡುವ ಮೊದಲೇ ಉಸಿರುನಳಿಗೆ. ತೋಟದಲ್ಲಿ ಬಿದ್ದವರನ್ನು ಕೈಕಾಲು ಹಿಡಿದು ಎತ್ತುವುದು ಇಂದಿಗೂ ನಡೆದಿದೆ. ಬೆನ್ನುಮೂಳೆ ಮುರಿದಿದ್ದರೆ ಆ ಒಂದು ಎತ್ತುವಿಕೆಯಲ್ಲೇ ಕಾಲಿನ ಬಲ ಹೋಗಬಹುದು. ಗಟ್ಟಿ ಹಲಗೆಯೊಂದು ಸಿಗದ ತೋಟವಿಲ್ಲ.

ಆಂಬುಲೆನ್ಸಿನೊಳಗೆ ಯಾರೂ ಮಾಡದ ಲೆಕ್ಕ ಆಮ್ಲಜನಕದ್ದು. ಬಿ ಮಾದರಿಯ ಸಿಲಿಂಡರ್ ತುಂಬಿದ್ದಾಗ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ; 15 ಲೀಟರ್ ಬಿಟ್ಟರೆ 100 ನಿಮಿಷ. ಕಾರವಾರದಿಂದ ಮಣಿಪಾಲ 200 ಕಿಲೋಮೀಟರಿಗೂ ಹೆಚ್ಚು, ಮಳೆಗಾಲದ ರಾತ್ರಿ ನಾಲ್ಕು ತಾಸು ಹಿಡಿದರೂ ಅಚ್ಚರಿಯಿಲ್ಲ. 10 ಲೀಟರಿನಲ್ಲಿ ಹೋದರೂ ಎರಡು ತುಂಬಿದ ಸಿಲಿಂಡರ್ ಬೇಕು, 15ರಲ್ಲಿ ಮೂರು. ಮುಳ್ಳು ಅರ್ಧಕ್ಕೆ ಇಳಿದ ಒಂದೇ ಸಿಲಿಂಡರಿನೊಂದಿಗೆ ಹೊರಟ ಗಾಡಿ ಕುಮಟಾ ದಾಟುವಷ್ಟರಲ್ಲೇ ಬರಿದಾಗುತ್ತದೆ.

ದಾರಿಯಾದರೂ ನಂಬಿಕೆಯದ್ದೇ? 2021ರ ಜುಲೈ ಮಳೆಯಲ್ಲಿ ಅರಬೈಲ್ ಘಟ್ಟ ಕುಸಿದು ಹುಬ್ಬಳ್ಳಿ ದಾರಿ ಬಂದಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಟೋಲ್‌ನ ಶಿರೂರಲ್ಲ, ಗುಡ್ಡ ಜರಿದು ಹೆದ್ದಾರಿ ಹಲವು ದಿನ ಮುಚ್ಚಿತು. ದಕ್ಷಿಣದ ತಾಲ್ಲೂಕುಗಳಿಗೆ ಜಿಲ್ಲಾಸ್ಪತ್ರೆಯೇ ದೂರವಾಯಿತು. ಮೂರೇ ವಾರದಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿಯ ಹಳೇ ಸೇತುವೆ ನದಿಗೆ ಬಿತ್ತು. ಹೊರಗೆ ಕಳಿಸುವುದನ್ನೇ ನೆಚ್ಚಿದ ವ್ಯವಸ್ಥೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭರವಸೆ ಇಲ್ಲವೆಂದೇ ತಿಳಿಯಬೇಕು.

ಹಣದ ಭಯಕ್ಕೆ ಕಾನೂನಿನಲ್ಲಿ ಉತ್ತರವಿದೆ. ಜೀವಾಪಾಯದಲ್ಲಿರುವವರಿಗೆ ಪೊಲೀಸ್ ವಿಧಿವಿಧಾನಕ್ಕೆ ಕಾಯದೆ ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ರಸ್ತೆ ಅಪಘಾತಕ್ಕೆ ರಾಜ್ಯದ ಸಾಂತ್ವನ ಹರೀಶ್ ಯೋಜನೆ 2016ರಲ್ಲಿ ಬಂತು: ಮೊದಲ 48 ತಾಸಿಗೆ 25,000 ರೂಪಾಯಿವರೆಗೆ. 2025ರ ಕೇಂದ್ರ ಯೋಜನೆಯಲ್ಲಿ 7 ದಿನಕ್ಕೆ 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ತುರ್ತು ಪಟ್ಟಿಯ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಿಲ್ಲ. ಇದು ತಿಳಿಯದೆ ಪತ್ರಕ್ಕಾಗಿ ತಾಸುಗಟ್ಟಲೆ ಕಾಯುವವರಿದ್ದಾರೆ ಎಂಬುದು ಹೊಟ್ಟೆ ಉರಿಸುತ್ತದೆ.

ಇನ್ನು ಜನ. ವಾರಕ್ಕೆ 168 ತಾಸು. ಒಬ್ಬ ವೈದ್ಯರ ಪಾಳಿ 48 ತಾಸು ಎಂದು ಹಿಡಿದರೂ ಕ್ಯಾಶುವಾಲ್ಟಿಯ ಒಂದೇ ಕುರ್ಚಿ ಖಾಲಿಯಾಗದಂತೆ ನೋಡಲು ಮೂರೂವರೆ ಜನ ಬೇಕು. ರಜೆ, ತರಬೇತಿ, ಕೋರ್ಟ್ ಸಾಕ್ಷಿ ಸೇರಿಸಿದರೆ ಐವರು. ಇಬ್ಬರು ಮೂವರಲ್ಲಿ ನಡೆಸುವ ಕಡೆ ಹಗಲಿನ ಒಪಿಡಿ ನೋಡಿದವರೇ ರಾತ್ರಿಯೂ ಕೂರುತ್ತಾರೆ. ಅಲ್ಲಿ 'ಬರೆದುಕೊಟ್ಟು ಕಳಿಸು' ಎನ್ನುವುದೇ ಸುಲಭದ ದಾರಿಯಾಗುತ್ತದೆ. ತುರ್ತು ವೈದ್ಯಕೀಯ ನಮ್ಮ ದೇಶದಲ್ಲಿ ಪ್ರತ್ಯೇಕ ತಜ್ಞತೆಯೆಂದು ಮಾನ್ಯವಾದದ್ದೇ 2009ರಲ್ಲಿ, ಅಂಥ ತಜ್ಞರು ತಾಲ್ಲೂಕಿಗೆ ಬರಲು ಇನ್ನೂ ಕಾಲ ಬೇಕು. ಅಷ್ಟರವರೆಗೆ ಇರುವ ಎಂಬಿಬಿಎಸ್ ವೈದ್ಯರಿಗೆ, ನರ್ಸುಗಳಿಗೆ ಉಸಿರುನಳಿಗೆ ಹಾಕುವ, ಶಾಕ್ ಕೊಡುವ, ಪ್ರತಿವಿಷ ನಡೆಸುವ ತರಬೇತಿಯನ್ನು ವರ್ಷಕ್ಕೊಮ್ಮೆ ಮರುಕಳಿಸಬೇಕು. ಕಟ್ಟಡದ ಶಂಕುಸ್ಥಾಪನೆಗೆ ಕಾಯುವ ಕೆಲಸವಲ್ಲ ಇದು.

ಕಳಿಸಲೇಬೇಕಾದಾಗ ಚೀಟಿಯಲ್ಲಿ ಬರೀ 'ಹೆಚ್ಚಿನ ಚಿಕಿತ್ಸೆಗೆ' ಎಂದಿದ್ದರೆ ಅಲ್ಲಿನ ವೈದ್ಯರು ಮೊದಲಿನಿಂದ ಶುರುಮಾಡುತ್ತಾರೆ. ಲಕ್ಷಣ ಆರಂಭವಾದ ಗಂಟೆ, ಕೊಟ್ಟ ಔಷಧದ ಹೆಸರು, ಪ್ರಮಾಣ, ಗಂಟೆ, ಹೊರಡುವಾಗಿನ ಬಿಪಿ, ನಾಡಿ, ಆಮ್ಲಜನಕ ಮಟ್ಟ, ಪ್ರಜ್ಞೆ, ಜೊತೆಗೆ ಇಸಿಜಿಯ ಮೂಲ ಪ್ರತಿ ಇರಬೇಕು. ಗಾಡಿ ಹೊರಡುವ ಮೊದಲು ಅಲ್ಲಿಗೆ ಫೋನ್ ಮಾಡಿ ಹಾಸಿಗೆ, ವೆಂಟಿಲೇಟರ್ ಇದೆಯೇ ಎಂದು ಕೇಳಿ, ಮಾತಾಡಿದವರ ಹೆಸರನ್ನೂ ಚೀಟಿಯಲ್ಲಿ ಬರೆಯಬೇಕು. ಮನೆಯವರು ಇದನ್ನು ಕೇಳಿ ಪಡೆಯಬಹುದು. ಬರೆಯಲು ಐದು ನಿಮಿಷ ಸಾಕು.