ಒಂದು ಬುಷೆಲ್ ಮಾಲ್ಟ್, ಎರಡು ಲೆಕ್ಕ: ಲಂಡನ್ನಿನ ಬ್ರೂವರ್ ಶ್ರೇಣಿ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ

ಒಂದು ಬುಷೆಲ್ ಮಾಲ್ಟಿನಿಂದ, ಅಂದರೆ ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿಯಿಂದ, ಎಷ್ಟು ಪಾನೀಯ ಇಳಿಯುತ್ತದೆ? 1574ರಲ್ಲಿ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂಗೊನೆಯ ಬಳ್ಳಿ) ಬೇಸಾಯದ ಕೈಪಿಡಿ ಬರೆದ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಇದಕ್ಕೆ ಎರಡು ಉತ್ತರ ಕೊಡುತ್ತಾನೆ. ಏಲ್ ಮಾಡಿದರೆ 8ರಿಂದ 9 ಗ್ಯಾಲನ್. ಬಿಯರ್ ಮಾಡಿದರೆ 18ರಿಂದ 20 ಗ್ಯಾಲನ್. ಆ ಕಾಲದಲ್ಲಿ ಏಲ್ ಎಂದರೆ ಹಾಪ್ಸ್ ಹಾಕದ್ದು, ಬಿಯರ್ ಎಂದರೆ ಹಾಪ್ಸ್ ಹಾಕಿ ಕುದಿಸಿದ್ದು. ಇಂದಿನ ಅರ್ಥವನ್ನು ಸದ್ಯಕ್ಕೆ ಬದಿಗಿಡಿ.

ಈ ಎರಡು ಅಂಕಿಗಳನ್ನು ಇಂದಿನ ಬ್ರೂವರಿಯ ಲೆಕ್ಕಕ್ಕೆ ಇಳಿಸಿ ನೋಡಬಹುದು. ಒಂದು ಬುಷೆಲ್ ಮಾಲ್ಟ್ ಸುಮಾರು 18 ಕಿಲೋ ತೂಗುತ್ತದೆ. 8 ಗ್ಯಾಲನ್ ಎಂದರೆ ಹತ್ತಿರಹತ್ತಿರ 37 ಲೀಟರ್. ಮಾಲ್ಟಿನ ಸಾರದಲ್ಲಿ ಶೇ. 60ರಷ್ಟು ಮಾತ್ರ ಕೈಗೆ ಬಂತೆಂದರೂ ಆ ಏಲ್‌ನ ಆರಂಭದ ಸಾಂದ್ರತೆ (ಹುದುಗುವ ಮುನ್ನ ಅದು ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಳತೆ) 1.085ರ ಆಸುಪಾಸು ನಿಲ್ಲುತ್ತದೆ. ಅದು ಈಗಿನ ಸ್ಟ್ರಾಂಗ್ ಬಿಯರ್‌ಗಳನ್ನೂ ಮೀರಿದ ದಪ್ಪ. ಅದೇ ಮಾಲ್ಟನ್ನು 18 ಗ್ಯಾಲನ್‌ಗೆ ಹರಡಿದರೆ 1.039, ಅಂದರೆ ಮಾಮೂಲಿ ಬಿಯರ್. ಏಲ್‌ಗೆ ಅಷ್ಟು ದಪ್ಪ ಬೇಕಾದದ್ದು ಬರೀ ನಾಲಿಗೆಯ ಚಪಲಕ್ಕಲ್ಲ. ಅದನ್ನು ಕಾಯಲು ಮದ್ಯಸಾರವೊಂದೇ ಇತ್ತು, ತೆಳುವಾಗಿ ಮಾಡಿದರೆ ನಾಲ್ಕು ದಿನಕ್ಕೇ ಹುಳಿ.

ಲಂಡನ್ನಿನ ಬ್ರೂವರ್ ಶ್ರೇಣಿಯ, ಅಂದರೆ ಏಲ್ ತಯಾರಿಸುವವರ ಕಸುಬುಸಂಘದ, ಮೂರು ಶತಮಾನದ ಜಗಳಗಳೆಲ್ಲ ಈ ಎರಡು ಲೆಕ್ಕಗಳ ನಡುವೆ ನಡೆದವು. ಶ್ರೇಣಿ ಎಂದೊಡನೆ ನಮಗೆ ಐಹೊಳೆಯ ಐನೂರ್ವರು ನೆನಪಾಗುತ್ತಾರೆ. ಅವರು ದೇಶದೇಶ ತಿರುಗಿದ ವರ್ತಕರು. ಲಂಡನ್ನಿನ ಬ್ರೂವರ್‌ಗಳದು ಒಂದೇ ಊರು, ಒಂದೇ ಕಸುಬು. ಮೊದಲಿಗೆ ಮೇರಿ ಮಾತೆ ಮತ್ತು ಸಂತ ಥಾಮಸ್ ಬೆಕೆಟ್‌ನ ಹೆಸರಿನಲ್ಲಿ ಮೇಣದ ಬತ್ತಿ ಹಚ್ಚುವ, ಸತ್ತವರಿಗೆ ಪ್ರಾರ್ಥನೆ ಮಾಡಿಸುವ ಕೂಟವಾಗಿತ್ತು. 1438ರಲ್ಲಿ ಆರನೆಯ ಹೆನ್ರಿಯಿಂದ ಸನ್ನದು ಸಿಕ್ಕಿತು. ನಗರ ಮತ್ತು ಅದರ ಹೊರವಲಯದಲ್ಲಿ ಮಾಲ್ಟಿನಿಂದ ತಯಾರಾಗುವ ಪಾನೀಯದ ಮೇಲೆಲ್ಲ ಅವರ ಮೇಲ್ವಿಚಾರಣೆ. ಏಳು ವರ್ಷದ ಶಿಷ್ಯವೃತ್ತಿ, ಪ್ರವೇಶಶುಲ್ಕ, ತಪಾಸಣೆ, ದಂಡ ಎಲ್ಲವೂ ಇತ್ತು.

ಅವರ ಕೈಯಲ್ಲಿದ್ದ ಕೆಲಸ ಎಂಥದು ಎಂದು ತಿಳಿಯದೆ ನಿಯಮಗಳು ಅರ್ಥವಾಗುವುದಿಲ್ಲ. ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿಯನ್ನು ತರಿಯಾಗಿ ಒಡೆಯಬೇಕು. ನುಣ್ಣಗೆ ಬೀಸಿದರೆ ಅಂಬಲಿಯಾಗಿ ಗಟ್ಟಿಯಾಗುತ್ತದೆ, ಮಾಲ್ಟಿನ ಸಕ್ಕರೆ ಕರಗಿದ ಸಿಹಿನೀರು ಕೆಳಗೆ ಬಸಿಯುವುದೇ ಇಲ್ಲ. ಬಳಿಕ ಬಿಸಿನೀರಿನಲ್ಲಿ ಕಲಸಬೇಕು. ಕಲಸಿದ ಮೇಲೆ ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ನಿಂತರೆ ಹಿಟ್ಟು ಸಕ್ಕರೆಯಾಗುತ್ತದೆ. 75 ದಾಟಿದರೆ ಹುದುಗದ ಸಕ್ಕರೆಯೇ ಹೆಚ್ಚಾಗಿ ಏಲ್ ಪಾಯಸದಂತೆ ಸಪ್ಪೆಸಿಹಿ. 55ಕ್ಕಿಂತ ಕೆಳಗಿಳಿದರೆ ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೆ. ಬ್ರೂವರಿಗೆ ಥರ್ಮಾಮೀಟರ್ ಬಂದದ್ದು 18ನೇ ಶತಮಾನದಲ್ಲಿ. ಅದಕ್ಕೂ ಮುಂಚಿನ ಉಪಾಯ ಇದು: ನೀರು ಕುದಿಸಿ ಸುಮ್ಮನೆ ಬಿಡುವುದು, ಹಬೆ ತಿಳಿಯಾಗಿ ನೀರಿನಲ್ಲಿ ಮುಖ ಕಂಡಾಗ ಮಾಲ್ಟ್ ಸುರಿಯುವುದು. ಒರಟು ಉಪಾಯ ನಿಜ, ಆದರೆ ಬಹುಪಾಲು ಕೆಲಸ ಮಾಡುತ್ತದೆ. ಕೈಕೊಡುವುದು ಚಳಿಗಾಲದಲ್ಲಿ. ಮಂಜುಗಟ್ಟಿದ ಮರದ ತೊಟ್ಟಿ ಮತ್ತು ತಣ್ಣನೆಯ ಮಾಲ್ಟ್ ಶಾಖವನ್ನು ಹೀರಿಕೊಳ್ಳುವುದರಿಂದ ಕಲಸು ಬೇಗ ತಣ್ಣಗಾಗುತ್ತದೆ, ಇಳುವರಿ ಬೀಳುತ್ತದೆ.

ಬಸಿದ ಸಿಹಿನೀರಿಗೆ, ಹುದುಗಿಸುವ ಯೀಸ್ಟ್ ಇರುವ ಹಿಂದಿನ ಏಲ್‌ನ ನೊರೆಯನ್ನೋ ಗಸಿಯನ್ನೋ ಸೇರಿಸುವುದು, ನಮ್ಮಲ್ಲಿ ಹಾಲಿಗೆ ಹೆಪ್ಪು ಹಾಕುವಂತೆ. ಹೆಪ್ಪು ಕೆಟ್ಟರೆ ಮೊಸರು ಕೆಡುತ್ತದಲ್ಲ, ಇಲ್ಲೂ ಅಷ್ಟೇ. ಒಬ್ಬರ ಗಸಿಯನ್ನು ಇನ್ನೊಬ್ಬರು ಪಡೆಯುವ ಊರಿನಲ್ಲಿ ಒಂದು ಮನೆಯ ಸೋಂಕು ಬೀದಿಗೆಲ್ಲ ಹಬ್ಬುತ್ತದೆ.

ಇನ್ನು ದರ. 13ನೇ ಶತಮಾನದ ರೊಟ್ಟಿ ಮತ್ತು ಏಲ್ ಕಾಯ್ದೆ ಏಲ್‌ನ ಬೆಲೆಯನ್ನು ಧಾನ್ಯದ ಬೆಲೆಗೆ ಕಟ್ಟಿಹಾಕಿತ್ತು. ಒಂದು ಕ್ವಾರ್ಟರ್, ಅಂದರೆ 8 ಬುಷೆಲ್ ಬಾರ್ಲಿ 20ರಿಂದ 24 ಪೆನ್ನಿಗೆ ಸಿಗುವಾಗ ನಗರದಲ್ಲಿ ಪೆನ್ನಿಗೆ 2 ಗ್ಯಾಲನ್ ಏಲ್, ನಗರದಾಚೆ 3 ಅಥವಾ 4 ಗ್ಯಾಲನ್ ಮಾರಬೇಕು. ಸ್ಕಾಟ್‌ನ ಅಳತೆಯನ್ನೇ ಹಿಡಿದರೆ 8 ಬುಷೆಲ್‌ನಿಂದ 64 ಗ್ಯಾಲನ್, ಪೆನ್ನಿಗೆ ಎರಡರಂತೆ 32 ಪೆನ್ನಿ. ಬಾರ್ಲಿಗೆ 24 ಕಳೆದರೆ ಉಳಿಯುವುದು 8. ಮಾಲ್ಟ್ ಕಟ್ಟುವ ಕೂಲಿ, ಸೌದೆ, ನೀರು ಹೊರುವವರು, ಪೀಪಾಯಿ ಎಲ್ಲ ಅದರಲ್ಲೇ ಆಗಬೇಕು. ಒಂದು ತೊಟ್ಟಿ ಹುಳಿಯಾದರೆ ಮುಂದಿನ ಮೂರು ತೊಟ್ಟಿಯ ಲಾಭ ನೀರುಪಾಲು. ಬ್ರೂವರ್ ಅಳತೆಯಲ್ಲಿ ಕೈ ಮಾಡುತ್ತಿದ್ದುದಕ್ಕೆ ಈ ಲೆಕ್ಕ ಸಮರ್ಥನೆ ಆಗಲಾರದು. ಕಾರಣವಂತೂ ಹೌದು.

ಮೋಸದ ದಾರಿ ಸುಲಭವಿತ್ತು. ಗ್ಯಾಲನ್, ಪಾಟಲ್, ಕ್ವಾರ್ಟ್ ಅಳತೆಗಳಿಗೆ ನಗರದ ಮುದ್ರೆ ಬಿದ್ದಿರಬೇಕು. ಮುದ್ರೆಯಿಲ್ಲದ ಬಟ್ಟಲಿನಲ್ಲಿ ಮಾರಿದರೆ ಅರ್ಧ ಪಾವು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ಇದನ್ನು ಹಿಡಿಯಲು ಏಲ್‌ಕಾನರ್‌ಗಳಿದ್ದರು. ಹೊಸ ಏಲ್ ಮಾರಾಟಕ್ಕೆ ಬರುವ ಮುನ್ನ ರುಚಿ ನೋಡುವುದು, ಗುಣಕ್ಕೆ ತಕ್ಕ ದರವೇ ಎಂದು ಹೇಳುವುದು ಅವರ ಕೆಲಸ. ಚರ್ಮದ ಚಡ್ಡಿ ತೊಟ್ಟು, ಬೆಂಚಿನ ಮೇಲೆ ಏಲ್ ಸುರಿದು, ಅದರ ಮೇಲೆ ಅರ್ಧ ಗಂಟೆ ಕೂತು, ಅಂಟಿದರೆ ಸಕ್ಕರೆ ಜಾಸ್ತಿ ಎಂದು ತೀರ್ಪು ಕೊಡುತ್ತಿದ್ದರೆಂಬ ಕಥೆ ಬ್ರೂವರಿ ಪ್ರವಾಸಗಳಲ್ಲಿ ಇಂದಿಗೂ ಓಡಾಡುತ್ತಿದೆ. ಆ ಕಾಲದ ದಾಖಲೆಗಳಲ್ಲಿ ಅದಕ್ಕೆ ಆಧಾರವಿಲ್ಲ. ನಾಲಿಗೆ ಇರುವಾಗ ಚಡ್ಡಿ ಯಾಕೆ?

ಶ್ರೇಣಿಯ ಒಳಗು ನಮಗೆ ತಿಳಿದಿರುವುದು ಅದರ ಗುಮಾಸ್ತ ವಿಲಿಯಂ ಪೋರ್ಲೆಂಡ್‌ನಿಂದ. 1418ರ ಸುಮಾರಿನಿಂದ ಎರಡು ದಶಕ ಆತ ಬರೆದಿಟ್ಟ ಲೆಕ್ಕದ ಪುಸ್ತಕ ಉಳಿದಿದೆ. ವಂತಿಗೆ ಕಟ್ಟಿದವರ ಪಟ್ಟಿಯಲ್ಲಿ ಸುಮಾರು ಮೂರನೇ ಒಂದು ಭಾಗ ಹೆಂಗಸರು. ಕೆಲವರು ಗಂಡನ ಜೊತೆ, ಕೆಲವರು ತಮ್ಮದೇ ಹೆಸರಿನಲ್ಲಿ. ಅಧಿಕಾರದ ಸ್ಥಾನಗಳಲ್ಲಿ ಮಾತ್ರ ಒಬ್ಬಳೂ ಇಲ್ಲ. ಭಾಷೆಯ ವಿಷಯದಲ್ಲಿ ಪೋರ್ಲೆಂಡ್ ಮಾಡಿದ ಒಂದು ಕೆಲಸ ಕನ್ನಡಿಗರಿಗೆ ಹಿಡಿಸೀತು. ಅಲ್ಲಿಯವರೆಗೆ ಲೆಕ್ಕಪತ್ರ ಲ್ಯಾಟಿನ್ ಮತ್ತು ಫ್ರೆಂಚಿನಲ್ಲಿತ್ತು. ನಮ್ಮ ಕಸುಬಿನವರಲ್ಲಿ ಅನೇಕರಿಗೆ ಇಂಗ್ಲಿಷ್ ಓದಲು ಬರೆಯಲು ಬರುತ್ತದೆ, ಉಳಿದೆರಡು ತಿಳಿಯುವುದೇ ಇಲ್ಲ, ಅರಸನೂ ಈಗ ಇಂಗ್ಲಿಷಿನಲ್ಲೇ ಪತ್ರ ಬರೆಯುತ್ತಿದ್ದಾನೆ ಎಂದು ಕಾರಣ ಕೊಟ್ಟು 1422ರ ಹೊತ್ತಿಗೆ ಜನಭಾಷೆಗೆ ಬದಲಿಸಿದರು. ಆಗ ಇಂಗ್ಲಿಷ್ ಆಡುನುಡಿ, ಆಡಳಿತಕ್ಕೆ ಹೊಸದು.

ಅದೇ ವರ್ಷ ದುಬಾರಿ ಏಲ್ ಮಾರಿದ ತಪ್ಪಿಗೆ ಶ್ರೇಣಿಗೆ 20 ಪೌಂಡ್ ದಂಡ ಬಿತ್ತು. ಮೇಯರ್ ಆಗಿದ್ದವನು ರಾಬರ್ಟ್ ಚಿಚೆಲೆ, ಹಿಂದೆ ನಿಂತು ಕಿಡಿ ಹೊತ್ತಿಸಿದವನು ಮಾಜಿ ಮೇಯರ್ ರಿಚರ್ಡ್ ವಿಟಿಂಗ್ಟನ್, ಮಕ್ಕಳ ಕಥೆಯಲ್ಲಿ ಬೆಕ್ಕಿನೊಂದಿಗೆ ಬರುವ ಆಸಾಮಿ. ಬ್ರೂವರ್‌ಗಳು ಹಳ್ಳಿಗಳಿಗೆ ಕುದುರೆಯೇರಿ ಹೋಗಿ ಮಾಲ್ಟನ್ನು ಮಾರುಕಟ್ಟೆಗೆ ಬರುವ ಮೊದಲೇ ಕೊಂಡು ದರ ಏರಿಸುತ್ತಾರೆ ಎಂಬುದು ಅವನ ಆರೋಪ. ಪೋರ್ಲೆಂಡ್ ಇನ್ನೊಂದು ಕಾರಣವನ್ನೂ ಬರೆದಿಟ್ಟಿದ್ದಾನೆ: ಶ್ರೇಣಿಯ ಔತಣದಲ್ಲಿ ಕೊಬ್ಬಿದ ಹಂಸಗಳನ್ನು ಬಡಿಸಿದ್ದು ವಿಟಿಂಗ್ಟನ್ನನ ಕಣ್ಣು ಕುಕ್ಕಿತ್ತಂತೆ.

ಈ ನಡುವೆ ಪಕ್ಕದ ಬೀದಿಯಲ್ಲಿ ಬಿಯರ್ ಬಂದು ಕೂತಿತ್ತು. ಅದನ್ನು ಮಾಡುತ್ತಿದ್ದವರು ಹಾಲೆಂಡ್ ಮತ್ತು ಫ್ಲಾಂಡರ್ಸ್ ಕಡೆಯ ವಲಸಿಗರು. ಬಿಯರ್ ವಿಷ ಎಂಬ ಪುಕಾರು ಹಬ್ಬಿ ಅವರ ಮೇಲೆ ಜನ ಎರಗಿದಾಗ, 1436ರಲ್ಲಿ ಅರಸನೇ ಲಂಡನ್ನಿನ ಷೆರೀಫರಿಗೆ ಆಜ್ಞೆ ಕಳಿಸಿ ಬಿಯರ್ ಆರೋಗ್ಯಕರ ಪಾನೀಯ, ಮಾಡುವವರನ್ನು ಕಾಡಬೇಡಿ ಎನ್ನಬೇಕಾಯಿತು.

ಹಾಪ್ಸ್ ಮಾಡುವ ಕೆಲಸವನ್ನು ಸರಿಯಾಗಿ ತಿಳಿಯಬೇಕು. ಹಾಪ್ಸ್ ಹೂಗೊನೆಯ ರಾಳದಲ್ಲಿರುವ ಆಲ್ಫಾ ಆಮ್ಲ ತಣ್ಣೀರಿನಲ್ಲಿ ಕರಗುವುದಿಲ್ಲ. ಒಂದು ಗಂಟೆಯಾದರೂ ಕೊತಕೊತ ಕುದಿಸಿದರೆ ರೂಪ ಬದಲಿಸಿ ಕಹಿಯಾಗಿ ಕರಗುತ್ತದೆ. ಆ ಕಹಿ ಲ್ಯಾಕ್ಟೊಬ್ಯಾಸಿಲಸ್, ಪೀಡಿಯೊಕಾಕಸ್ ಎಂಬ ಹುಳಿ ಹಿಡಿಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಮಾತ್ರ ಅದರ ಹೆದರಿಕೆಯಿಲ್ಲ, ಕಾಡು ಯೀಸ್ಟಿಗೂ ಇಲ್ಲ. ಪೀಪಾಯಿಯ ಬಿರುಕಿನಲ್ಲಿ ಗಾಳಿಯಾಡಿದರೆ ಎಷ್ಟು ಹಾಪ್ಸ್ ಹಾಕಿದ್ದರೂ ಬಿಯರ್ ವಿನೆಗರ್ ಆಗುತ್ತದೆ. ಆದರೂ ಕಾಯುವ ಹೊಣೆ ಮದ್ಯಸಾರದ ಹೆಗಲಿನಿಂದ ಅರ್ಧಕ್ಕರ್ಧ ಇಳಿಯಿತು. ತೆಳುವಾಗಿ ಮಾಡಿದರೂ ತಿಂಗಳುಗಟ್ಟಲೆ ಬಾಳುವ, ಹಡಗಿಗೆ ಸೈನ್ಯಕ್ಕೆ ಕಳಿಸಬಲ್ಲ ಸರಕು ಸಿಕ್ಕಿತು. ಸ್ಕಾಟ್‌ನ 18 ಗ್ಯಾಲನ್‌ನ ಗುಟ್ಟು ಇಷ್ಟೇ.

ಅದಕ್ಕೆ ತೆರಬೇಕಾದದ್ದು ಬಂಡವಾಳ. ಏಲ್‌ನ ಸಿಹಿನೀರನ್ನು ಕುದಿಸಲೇಬೇಕೆಂದಿರಲಿಲ್ಲ, ನೀರು ಕಾಯಿಸುವ ಹಂಡೆ ಸಾಕು. ಬಿಯರ್‌ಗೆ ಇಡೀ ತೊಟ್ಟಿಯ ಸಿಹಿನೀರು ಒಟ್ಟಿಗೆ ಕುದಿಯುವಷ್ಟು ದೊಡ್ಡ ತಾಮ್ರದ ಹಂಡೆ ಬೇಕು, ಬೇಕಾದಷ್ಟು ಸೌದೆ ಬೇಕು, ಹೊರದೇಶದ ಹಾಪ್ಸ್ ಬೇಕು, ಮಾರಾಟವಾಗುವವರೆಗೆ ದಾಸ್ತಾನಿನಲ್ಲಿ ಹಣ ಕೂತಿರಬೇಕು. ಮನೆಯ ಹಿತ್ತಲಲ್ಲಿ ವಾರಕ್ಕೊಮ್ಮೆ ಏಲ್ ಮಾಡುತ್ತಿದ್ದ ಹೆಂಗಸಿಗೆ ಅಷ್ಟು ಸಾಲ ಕೊಡುವವರಿರಲಿಲ್ಲ. ಮುಂದಿನ ಎರಡು ಶತಮಾನಗಳಲ್ಲಿ ಹೆಂಗಸರು ಈ ಕಸುಬಿನಿಂದ ಕರಗಿಹೋದದ್ದಕ್ಕೆ ಇದು ದೊಡ್ಡ ಕಾರಣ.

ಏಲ್ ಬ್ರೂವರ್‌ಗಳು ತಡೆಗೋಡೆ ಕಟ್ಟಲು ನೋಡಿದರು. 1480ರ ದಶಕದಲ್ಲಿ ಮೇಯರ್ ಮುಂದೆ ಅವರಿಟ್ಟ ಬೇಡಿಕೆ: ಏಲ್‌ಗೆ ಹಾಪ್ಸ್ ಅಥವಾ ಬೇರೆ ಸೊಪ್ಪುಸದೆ ಹಾಕಕೂಡದು, ಲಿಕರ್, ಮಾಲ್ಟ್, ಯೀಸ್ಟ್ ಮೂರೇ ಇರಬೇಕು. ಲಿಕರ್ ಎಂದರೆ ಇಲ್ಲಿ ನೀರು. ಬ್ರೂವರಿಯೊಳಗೆ ಪಾತ್ರೆ ತೊಳೆಯುವುದಷ್ಟೇ ನೀರು, ಕಲಸಲು ಬಳಸುವುದು ಲಿಕರ್. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲೂ ಆ ತೊಟ್ಟಿಗೆ ‘ಹಾಟ್ ಲಿಕರ್ ಟ್ಯಾಂಕ್’ ಎಂದೇ ಹೆಸರು. ಗಮನಿಸಬೇಕಾದದ್ದು ಯೀಸ್ಟಿನ ಹೆಸರು. ಬಹುಪ್ರಸಿದ್ಧವಾದ 1516ರ ಬವೇರಿಯಾದ ಕಟ್ಟಳೆ ಬಾರ್ಲಿ, ಹಾಪ್ಸ್, ನೀರು ಎಂದಷ್ಟೇ ಹೇಳುತ್ತದೆ. ಆಗ ಯೀಸ್ಟ್ ಗೊತ್ತೇ ಇರಲಿಲ್ಲ ಎಂದು ಅದಕ್ಕೆ ವಿವರಣೆ ಕೊಡುವವರುಂಟು. ಯೀಸ್ಟ್ ಒಂದು ಜೀವಿ ಎಂದು ತಿಳಿದಿರಲಿಲ್ಲ, ನಿಜ. ಆದರೆ ಅದೊಂದು ಸಾಮಗ್ರಿ ಎಂದು ಲಂಡನ್ನಿನವರು ಮೂವತ್ತು ವರ್ಷ ಮೊದಲೇ ಬರೆದಿಟ್ಟಿದ್ದರು.

ಗೋಡೆ ನಿಲ್ಲಲಿಲ್ಲ. 1493ರಲ್ಲಿ ಬಿಯರ್ ಬ್ರೂವರ್‌ಗಳಿಗೆ ಪ್ರತ್ಯೇಕ ಸಂಘದ ಮಾನ್ಯತೆ ಸಿಕ್ಕಿತು, 16ನೇ ಶತಮಾನದ ನಡುವಿನಲ್ಲಿ ಎರಡೂ ಒಂದಾದವು. ಹೆಸರು ಹಳೆಯವರದೇ ಉಳಿಯಿತು, ವ್ಯಾಪಾರ ಹೊಸಬರದಾಯಿತು.

ಎರಡರ ಗುರುತು ಕಡೆಗೆ ಉಳಿದದ್ದು ಪೀಪಾಯಿಯಲ್ಲಿ. 1531ರ ಕಾನೂನಿನ ಪ್ರಕಾರ ಏಲ್‌ನ ಬ್ಯಾರೆಲ್ 32 ಗ್ಯಾಲನ್, ಬಿಯರ್‌ನದು 36. ಅರ್ಧ ಬ್ಯಾರೆಲ್ಲಾದ ಕಿಲ್ಡರ್ಕಿನ್ 16 ಮತ್ತು 18, ಕಾಲು ಬ್ಯಾರೆಲ್ಲಾದ ಫರ್ಕಿನ್ 8 ಮತ್ತು 9. ಬ್ರೂವರ್ ತನ್ನ ಪೀಪಾಯಿಯನ್ನು ತಾನೇ ಮಾಡುವಂತಿಲ್ಲ, ಪೀಪಾಯಿ ಕಟ್ಟುವ ಕೂಪರ್‌ಗಳಿಂದಲೇ ಕೊಳ್ಳಬೇಕು ಎಂದೂ ಆ ಕಾನೂನು ಹೇಳಿತು. ಹಲಗೆಯನ್ನು ಒಂದು ಬೆರಳು ದಪ್ಪ ಮಾಡಿದರೆ ಹೊರಗಿನಿಂದ ಪೀಪಾಯಿ ಹಾಗೇ ಕಾಣುತ್ತದೆ, ಒಳಗೆ ಗ್ಯಾಲನ್‌ಗಟ್ಟಲೆ ಕಡಿಮೆ. ತುಂಬುವವನ ಕೈಗೆ ಪಾತ್ರೆ ಮಾಡುವ ಕೆಲಸ ಕೊಡಬಾರದು ಎಂಬ ಎಚ್ಚರ. ಅಳತೆ ಸರಿಯಿದ್ದರೂ ಇನ್ನೊಂದು ತಂಟೆ ಇತ್ತು. ಹುದುಗುತ್ತಿರುವಾಗಲೇ ತುಂಬಿದ ಪೀಪಾಯಿ ಬಾಯಿಂದ ನೊರೆ ಕಾರುತ್ತದೆ. ಅದು ನಿಂತ ಮೇಲೆ ಮತ್ತೆ ತುಂಬಿಸದೆ ಸಾಗಿಸಿದರೆ, ಕೊಂಡವನಿಗೆ ಮೇಲೆ ಖಾಲಿ, ಕೆಳಗೆ ಗಸಿ.

ಜರ್ಮನಿಯ ಕಲೋನ್‌ನಲ್ಲಿ ಕಥೆ ಬೇರೆ ತಿರುವು ಪಡೆಯಿತು, ಅದನ್ನು ಹೇಳದೆ ಬಿಡಲಾಗದು. ಅಲ್ಲಿ ತಕರಾರು ಎದ್ದದ್ದು ಯೀಸ್ಟಿನ ಮೇಲೆ. ಮೇಲೆ ತೇಲುವ ಯೀಸ್ಟ್ 15ರಿಂದ 20 ಡಿಗ್ರಿಯಲ್ಲಿ ಮೂರರಿಂದ ಐದು ದಿನಕ್ಕೆ ಕೆಲಸ ಮುಗಿಸುತ್ತದೆ. ತಳಕ್ಕೆ ಕೂರುವ ಯೀಸ್ಟಿಗೆ 10 ಡಿಗ್ರಿಗಿಂತ ಕಡಿಮೆ ಇರುವ ನೆಲಮಾಳಿಗೆ ಬೇಕು, ವಾರಗಳು ಬೇಕು. 1603ರಲ್ಲಿ ನಗರಸಭೆ ತಳ ಹುದುಗನ್ನು ನಿಷೇಧಿಸಿ, ಹಳೆಯ ಕ್ರಮದಂತೆ ಮೇಲ್‌ಹುದುಗಿನ ಬಿಯರನ್ನೇ ಮಾಡುತ್ತೇವೆಂದು ಬ್ರೂವರ್‌ಗಳಿಂದ ಪ್ರಮಾಣ ಮಾಡಿಸಿತು. ಫ್ರೆಂಚರ ಆಳ್ವಿಕೆಯಲ್ಲಿ ಶ್ರೇಣಿಗಳೇ ರದ್ದಾದವು, ಯೀಸ್ಟ್ ಉಳಿಯಿತು. 1986ರಲ್ಲಿ 24 ಬ್ರೂವರಿಗಳು ಸಹಿ ಹಾಕಿದ ಒಪ್ಪಂದದಲ್ಲಿ ಆ ಊರಿನ ಬಿಯರಾದ ಕೋಲ್ಷ್ ಎಂದರೆ ಮೇಲ್‌ಹುದುಗಿನ, ತಿಳಿಯಾದ, ಹಾಪ್ಸ್ ಎದ್ದು ಕಾಣುವ ಬಿಯರ್ ಎಂದೇ ಇದೆ.

ಲಂಡನ್ನಿನ ಶ್ರೇಣಿಯ ಅಧಿಕಾರವನ್ನು ಕಸಿದದ್ದು ತೆರಿಗೆ. 1643ರಲ್ಲಿ ಅಬಕಾರಿ ಸುಂಕ ಬಂತು. ಬ್ಯಾರೆಲ್‌ಗೆ 6 ಷಿಲಿಂಗ್‌ಗಿಂತ ಹೆಚ್ಚು ಬೆಲೆಯದಕ್ಕೆ ಒಂದು ದರ, ಕಡಿಮೆಯದಕ್ಕೆ ತೀರ ಅಲ್ಪ. ಅಳತೆಕೋಲು ಹಿಡಿದ ಸರ್ಕಾರಿ ಗೇಜರ್ ಬ್ರೂವರಿಯೊಳಗೇ ಬಂದು ತೊಟ್ಟಿಯ ಆಳ ನೋಡತೊಡಗಿದ. ಎರಡು ದರ ಇಟ್ಟ ಮೇಲೆ ಮೋಸವೂ ಎರಡು ದರದ ಸಂದಿನಲ್ಲೇ ಹುಟ್ಟಿತು: ಸ್ಟ್ರಾಂಗ್ ಬಿಯರನ್ನು ಆದಷ್ಟೂ ದಪ್ಪ ಮಾಡಿ ಸ್ವಲ್ಪಕ್ಕೆ ಹೆಚ್ಚಿನ ಸುಂಕ ಕಟ್ಟುವುದು, ಗೇಜರ್ ಹೋದ ಮೇಲೆ ಅಗ್ಗದ ಸುಂಕದ ತೆಳು ಬಿಯರ್ ಬೆರೆಸಿ ಎಲ್ಲವನ್ನೂ ಸ್ಟ್ರಾಂಗ್ ಎಂದು ಮಾರುವುದು. ಇದನ್ನು ಹಿಡಿಯಲು ಶ್ರೇಣಿಯ ಹಿರಿಯರ ನಾಲಿಗೆ ಯಾರಿಗೂ ಬೇಕಾಗಲಿಲ್ಲ.

ಶ್ರೇಣಿಯ ಸಭಾಂಗಣ 1666ರ ಬೆಂಕಿಯಲ್ಲಿ ಒಮ್ಮೆ, 1940ರ ಬಾಂಬಿನಲ್ಲಿ ಇನ್ನೊಮ್ಮೆ ಸುಟ್ಟು ಮತ್ತೆ ಎದ್ದಿದೆ. ಬ್ರೂವರ್‌ನ ವಿಧವೆಯಾಗಿ ಮುಂದೆ ಮರುಮದುವೆಯಾದ ಆಲಿಸ್ ಓವನ್ 1613ರಲ್ಲಿ ಕಟ್ಟಿಸಿ ಶ್ರೇಣಿಯ ಕೈಗಿತ್ತ ಶಾಲೆ ಈಗಲೂ ನಡೆಯುತ್ತಿದೆ. ಅಲ್ಲಿನ ಮಕ್ಕಳಿಗೆ ಶ್ರೇಣಿಯಿಂದ ಸಿಗುವ ಸಣ್ಣ ಮೊತ್ತಕ್ಕೆ ‘ಬಿಯರ್ ಮನಿ’ ಎಂದೇ ಹೆಸರು. ಏಲ್‌ಕಾನರ್‌ಗಳೂ ಇದ್ದಾರೆ: ನಾಲ್ವರು, ಮಧ್ಯಬೇಸಿಗೆಯ ದಿನ ಗಿಲ್ಡ್‌ಹಾಲ್‌ನಲ್ಲಿ ಶ್ರೇಣಿಗಳ ಸದಸ್ಯರು ಸೇರಿ ಆರಿಸುತ್ತಾರೆ. ಯಾವ ಪಬ್ಬಿನ ಏಲ್‌ಗೂ ದರ ಕಟ್ಟುವ ಕೆಲಸ ಅವರಿಗಿಲ್ಲ.